ಮೇಲುಕೋಟೆ ದೇವರ ಹೆಸರಿನವನ ಬಾಕಿ ಸಂಬಳ

ನನ್ನ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಗುಮಾಸ್ತರು ಮೊನ್ನೆ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದಿದ್ದರು. ಹಿರಿಯರನ್ನು ಮಾತಾಡಿಸಿಕೊಂಡು ಬನ್ನಿ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಕಾಫಿ ಕುಡಿಯುತ್ತಾ ಅವರಲ್ಲೊಬ್ಬ, "ಈಗ ಏನೂ ಕಷ್ಟ ಇಲ್ಲ ಸಾರ್. ಕಂಪ್ಯೂಟರಲ್ಲಿ ಗಂಡನ ಹೆಸರು ಹಾಕಿದ್ರೆ ಸಾಕು, ಎಲ್ಲಾ ತೆರ್ಕೊಳ್ಳುತ್ತೆ" ಎಂದ. ಗಂಡನ ಹೆಸರು ಹಾಕಿದರೆ ಸಾಕಂತೆ! ಆ ಒಂದು ಹೆಸರಿಗಾಗಿ ನಾಲ್ಕು ತಾಲ್ಲೂಕಿನ ಧೂಳು ಕುಡಿದವನು ನಾನು. ಮನೆಗೆ ಬಂದವರನ್ನು ಗದರುವುದು ಬೇಡವೆಂದು ಸುಮ್ಮನಿದ್ದೆ. ಅವರು ಹೋದ ಮೇಲೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಆ ಇಬ್ಬರೂ ಓದಲಿ, ಅವರ ನಂತರ ಬರುವವರೂ ಓದಲಿ.

ನಾನು ಸೈನ್ಯದಲ್ಲಿ ಹವಾಲ್ದಾರ್ ಗುಮಾಸ್ತನಾಗಿದ್ದವನು. ಊರಿಗೆ ಮರಳಿದ ಮೇಲೆ ಸೈನಿಕರ ಕುಟುಂಬಗಳ ಅಹವಾಲು ನೋಡುವ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ನನ್ನ ಪಾಲಿಗೆ ಬಂದವು. ಮೊದಮೊದಲು ಆರಾಮದ ಕೆಲಸವೇ. ಪಿಂಚಣಿ ತಡವಾಯಿತೆಂದು ಬೈಯಲು ಬರುವ ಮಾಜಿ ಸೈನಿಕರ ಜೊತೆ ನಾನೂ ನಾಲ್ಕು ಮಾತು ಬೈದು ಟೀ ಕುಡಿಸಿ ಕಳಿಸುತ್ತಿದ್ದೆ. ಆಮೇಲೆ ಉತ್ತರದ ಗಡಿಯಲ್ಲಿ ಯುದ್ಧವಾಯಿತು. ಈ ಕಡೆಯ ಹಳ್ಳಿಗಳಿಗೆ ಬಾವುಟ ಹೊದ್ದ ಪೆಟ್ಟಿಗೆಗಳು ಬಂದವು. ಜನ ಸೇರಿದರು, ಜೈಕಾರ ಹಾಕಿದರು, ಮಂತ್ರಿಗಳು ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಂಡರು. ಎಲ್ಲರೂ ಹೋದ ಮೇಲೆ ನಾನು ಹೋಗುತ್ತಿದ್ದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಪರಿಹಾರ ಬೇರೆ, ಸಂಬಳ ಬೇರೆ. ಪರಿಹಾರ ಸರ್ಕಾರ ಕೊಡುವುದು. ಸಂಬಳ ಅವನು ದುಡಿದದ್ದು. ಯುದ್ಧ ಶುರುವಾದರೆ ತುಕಡಿ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಸಂಬಳದ ಲೆಕ್ಕ ಹಿಂದೆಯೇ ಉಳಿದುಬಿಡುತ್ತದೆ. ಬೆಟ್ಟದ ಮೇಲಿನ ಭತ್ಯೆ, ತೆಗೆದುಕೊಳ್ಳದ ರಜೆ, ಅರ್ಧಕ್ಕೇ ನಿಂತ ತಿಂಗಳು, ಎಲ್ಲ ಸೇರಿ ಎಲ್ಲೋ ದೂರದ ಸಂಬಳದ ಕಚೇರಿಯಲ್ಲಿ ಬಾಕಿ ಎಂದು ಕೂತಿರುತ್ತದೆ. ಅದನ್ನು ಬಿಡಿಸಲು ಕಚೇರಿಗೆ ಮೂರು ಸಂಗತಿ ಬೇಕು: ಸತ್ತವನು ಯಾರು, ಯಾವ ದಿನದವರೆಗೆ ಕೆಲಸ ಮಾಡಿದ, ಅವನ ಹೆಂಡತಿ ಯಾರು. ಕೇಳಲು ಸುಲಭ. ಈ ಮೂರಕ್ಕೆ ಉತ್ತರ ಹುಡುಕುವುದರಲ್ಲೇ ನನ್ನ ನೌಕರಿಯ ಒಳ್ಳೆಯ ವರ್ಷಗಳು ಕಳೆದವು. ಬಡ್ತಿ ಬಂತೋ ಇಲ್ಲವೋ ಎಂದು ಕೇಳಬೇಡಿ, ಬರೆಯುವಂಥದ್ದೇನೂ ಇಲ್ಲ.

ನಮ್ಮ ಮೇಲಧಿಕಾರಿ ಕೊಡಗಿನ ಕಡೆಯ ನಿವೃತ್ತ ಮೇಜರ್. ಸೈನಿಕನ ಹೆಂಡತಿ ಬಾಗಿಲಲ್ಲಿ ಕಂಡರೆ ಅವರು ಎದ್ದು ನಿಲ್ಲುತ್ತಿದ್ದರು, ನಮ್ಮನ್ನೂ ಎದ್ದು ನಿಲ್ಲಿಸುತ್ತಿದ್ದರು. ಪಾಪ, ಬಂದ ಹೆಣ್ಣುಮಗಳು ತಾನೇ ಏನೋ ತಪ್ಪು ಮಾಡಿದೆನೆಂದು ಹಿಂದೆ ಸರಿಯುತ್ತಿದ್ದಳು. ಮೇಜರರಿಗೆ ಎಲ್ಲವೂ ರಿಜಿಸ್ಟರ್ಡ್ ಅಂಚೆಯಲ್ಲೇ ಆಗಬೇಕು. ಯುದ್ಧವಾದ ಮೊದಲ ವರ್ಷ ಬೂಕನಕೆರೆಯ ಹತ್ತಿರದ ಒಂದು ಮನೆಗೆ ಅಂಥದೊಂದು ಪತ್ರ ಹೋಯಿತು. ಆ ಮನೆಯ ಹಿರಿಮಗ ಯುದ್ಧದಲ್ಲಿ ಸತ್ತಿದ್ದ, ಕಿರಿಮಗ ಇನ್ನೂ ಗಡಿಯಲ್ಲೇ ಇದ್ದ. ಮೊಹರು ಹಾಕಿದ ಕಂದು ಲಕೋಟೆ ಬಾಗಿಲಿಗೆ ಬಂದಿದ್ದೇ ತಡ, ತಾಯಿ ಅಂಗಳದಲ್ಲೇ ಬಿದ್ದು ಹೊರಳಾಡಿದರಂತೆ. ಓಣಿಯೆಲ್ಲ ಸೇರಿ ಎರಡನೇ ಸಲ ಗೋಳಾಡಿತು. ಅಂಚೆಯವನೂ ಅತ್ತನಂತೆ. ಇಂಗ್ಲಿಷ್ ಬಲ್ಲವರೊಬ್ಬರು ಬಂದು ಓದಿದರೆ, ಅದರಲ್ಲಿದ್ದದ್ದು ಬ್ಯಾಂಕಿನ ಪಾಸ್‌ಪುಸ್ತಕದ ನಕಲು ಕಳಿಸಿ ಎಂಬ ಮಾತು.

ಮಾರನೆಯ ದಿನ ಆ ಮನೆಯ ಯಜಮಾನರು ಕಚೇರಿಗೆ ಬಂದರು. ಬೈಯಲಿಲ್ಲ. ಲಕೋಟೆಯನ್ನು ಮೇಜಿನ ಮೇಲಿಟ್ಟು, "ಸ್ವಾಮಿ, ಇನ್ಮೇಲೆ ಕಾಗ್ದ ಕಳ್ಸಬ್ಯಾಡಿ. ಏನಿದ್ರೂ ಬಂದು ಯೋಳ್ಬುಡಿ. ಮನ್ಸ ಬಂದ್ರೆ ಮುಖ ನೋಡೇ ಗೊತ್ತಾಯ್ತದೆ" ಎಂದರು. ಮೇಜರರು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಅಲ್ಲಿಂದಾಚೆಗೆ ನಮ್ಮಲ್ಲಿ ಪದ್ಧತಿ ಬದಲಾಯಿತು: ಯುದ್ಧದಲ್ಲಿ ಸತ್ತವರ ಮನೆಗೆ ಕಾಗದವಿಲ್ಲ, ಆಳೇ ಹೋಗಬೇಕು. ಆ ಆಳು ನಾನು. ಈಗಿನವರು ಫೋನಿಗೆ ಸಂದೇಶ ಕಳಿಸುತ್ತಾರೆ. ಟಿಂಗ್ ಎಂದ ಕೂಡಲೇ ಆ ಮನೆಗಳಲ್ಲಿ ಎದೆ ಹೇಗೆ ಹಾರುತ್ತದೆಂದು ಅವರಿಗೆ ಗೊತ್ತಿಲ್ಲ.

ಕಿಕ್ಕೇರಿ ಕಡೆಯದೊಂದು ಪ್ರಕರಣ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ಇವತ್ತಿಗೂ ತಿಳಿಯುವುದಿಲ್ಲ. ಸೈನಿಕನ ತಾಯಿಯ ಹೆಸರು ಜಯಮ್ಮ. ಮದುವೆಯಾಗಿ ಬಂದ ಹುಡುಗಿಯ ಹೆಸರೂ ಜಯಮ್ಮನೇ. ಅತ್ತೆಯ ಹೆಸರಿಟ್ಟುಕೊಂಡ ಸೊಸೆಯನ್ನು ಮನೆಯಲ್ಲಿ ಕೂಗುವುದು ಹೇಗೆ? ಧಾರೆಯ ದಿನವೇ ಅವಳನ್ನು ಸುಶೀಲ ಎಂದು ಮಾಡಿದರು. ಈ ಕಡೆ ಇದೇನೂ ಹೊಸದಲ್ಲ. ಆದರೆ ಹುಡುಗ ಸೈನ್ಯದ ಕಾಗದದಲ್ಲಿ ತಾಯಿ ಜಯಮ್ಮ, ಹೆಂಡತಿ ಜಯಮ್ಮ ಎಂದು ನಿಜವನ್ನೇ ಬರೆಸಿದ್ದ. ಅಲ್ಲಿನ ಯಾರೋ ಗುಮಾಸ್ತ, ಒಂದೇ ಹೆಸರು ಎರಡು ಸಲ ಬಿದ್ದಿದೆ ಎಂದುಕೊಂಡು ಕೆಳಗಿನದನ್ನು ಹೊಡೆದುಹಾಕಿದ. ಹುಡುಗ ಸತ್ತ ಮೇಲೆ ನೋಡಿದರೆ ಅವನಿಗೆ ತಾಯಿಯಿದ್ದಾರೆ, ಹೆಂಡತಿಯೇ ಇಲ್ಲ.

ಅತ್ತೆ ಜಯಮ್ಮ ಸೊಸೆಯ ಕೈ ಹಿಡಿದುಕೊಂಡೇ ಕಚೇರಿಗೆ ಬಂದರು. "ಅವ್ಳೇ ನಾನು, ನಾನೇ ಅವ್ಳು ಅಂತ ಬರ್ಕಳಿ ಸ್ವಾಮಿ. ಯಾರ್ ಕೈಗೆ ಕೊಟ್ರೂ ಒಂದೇ ಒಲೆಗೆ ಓಯ್ತದೆ" ಎಂದರು. ಹಾಗೆ ಬರೆದುಕೊಳ್ಳಲು ಬರುವುದಿಲ್ಲವಲ್ಲ. ಮದುವೆಯ ಲಗ್ನಪತ್ರಿಕೆ, ಶಾಲೆಯ ದಾಖಲೆ, ಊರವರ ಹೇಳಿಕೆ ಎಲ್ಲ ಕಟ್ಟಿ ಕಳಿಸಿದೆ. ಉತ್ತರ ಬರುವಷ್ಟರಲ್ಲಿ ಅತ್ತೆ ತೀರಿಕೊಂಡರು. ನಿಯಮದಂತೆ ಅವರ ಮರಣವನ್ನೂ ತಿಳಿಸಿದೆ. ಅಲ್ಲಿಂದ ಬಂದ ಉತ್ತರ ಹೀಗಿತ್ತು: ಜಯಮ್ಮ ಮೃತಪಟ್ಟಿರುವುದರಿಂದ ಹಕ್ಕುದಾರರು ಯಾರೂ ಇಲ್ಲ. ತಾನು ಹೆಂಡತಿಯೆಂದು ತೋರಿಸಲು ಓಡಾಡುತ್ತಿದ್ದವಳು, ಈಗ ತಾನು ಬದುಕಿದ್ದೇನೆಂದು ತೋರಿಸಲು ಓಡಾಡಬೇಕಾಯಿತು. ಕೊನೆಗೆ ಅವಳಿಗೆ ಹಣ ಸಿಕ್ಕಿತು. ಅದನ್ನು ಕೊಟ್ಟಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ಸಹಿ ಹಾಕಿ, "ಅತ್ತೆ ಇರ್ಬೇಕಿತ್ತು" ಎಂದಷ್ಟೇ ಹೇಳಿ ಹೋದಳು.

ಇಷ್ಟೆಲ್ಲ ಹೇಳಿದ್ದು ಚಿಕ್ಕತಾಯಮ್ಮನ ಕಥೆಗೆ ಬರಲು. ಬರೆಯಲು ಹೆದರಿಕೊಂಡೇ ಇಲ್ಲಿಯವರೆಗೆ ಸುತ್ತಿದೆ.

ನಾಗಮಂಗಲ ತಾಲ್ಲೂಕಿನಲ್ಲಿ ಮೇಲುಕೋಟೆಯ ಬೆಟ್ಟ ಕಾಣುವಂಥ ಒಂದು ಊರು. ಚಿಕ್ಕತಾಯಮ್ಮ ಆ ಊರಿನ ಸೊಸೆ. ಗಂಡ ಚಲುವರಾಜು ಯುದ್ಧದಲ್ಲಿ ಒಂದು ಶಿಖರದ ಕಡೆಗೆ ಹೋದ ತುಕಡಿಯಲ್ಲಿದ್ದ. ತುಕಡಿ ಮರಳಿತು, ಅವನು ಮರಳಲಿಲ್ಲ. ಶೆಲ್ ಬಿದ್ದು ಕಮರಿಗೆ ಉರುಳಿದ್ದನ್ನು ಕಣ್ಣಾರೆ ಕಂಡೆವೆಂದು ಜೊತೆಗಿದ್ದವರು ಹೇಳಿಕೆ ಕೊಟ್ಟರು. ಶವ ಸಿಗಲಿಲ್ಲ. ಮನೆಗೆ ಬಂದ ತಂತಿಯಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ಸಂಬಳದ ಹಾಳೆಯಲ್ಲಿ ಮಾತ್ರ, ಆ ದಿನದಿಂದ ಅವನ ಹೆಸರಿನ ಮುಂದೆ 'ಗೈರುಹಾಜರು' ಎಂದು ಬಿತ್ತು.

ಜೊತೆಗಾರರ ಹೇಳಿಕೆ ನೋಡಿದ ಮೇಲೆ, ಯುದ್ಧದಲ್ಲಿ ಸತ್ತನೆಂದು ಒಪ್ಪಿ ಲೆಕ್ಕ ಮುಗಿಸಲು ಸಂಬಳದ ಕಚೇರಿಯವರು ತಯಾರಿದ್ದರು. ಆಗ ನಮ್ಮ ಕಡೆಯಿಂದಲೇ ಒಂದು ಎಡವಟ್ಟಾಯಿತು. ವಂಶವೃಕ್ಷ ಬರೆಯಲು ಹೋದ ಗ್ರಾಮಲೆಕ್ಕಿಗ, ಗಂಡನ ಹೆಸರೇನೆಂದು ಚಿಕ್ಕತಾಯಮ್ಮನನ್ನು ಕೇಳಿದ್ದಾನೆ. ಆ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. "ಮೇಲ್ಕೋಟೆ ಬೆಟ್ಟದ್ ದ್ಯಾವ್ರ ಎಸ್ರು" ಎಂದಿದ್ದಾಳೆ. ಅವಳಿಗೆ ಮೇಲುಕೋಟೆ ಎಂದರೆ ಇಡೀ ಊರೇ ಬೆಟ್ಟ, ಅಲ್ಲಿನ ದೇವರು ಚಲುವರಾಯ. ಗ್ರಾಮಲೆಕ್ಕಿಗನೋ ಶನಿವಾರ ತಪ್ಪದೆ ಬೆಟ್ಟದ ತುದಿಯ ನರಸಿಂಹಸ್ವಾಮಿಗೆ ಮೆಟ್ಟಿಲು ಹತ್ತುವ ಆಸಾಮಿ. ಬೆಟ್ಟದ ದೇವರು ಎಂದ ಮೇಲೆ ಇನ್ನು ಕೇಳುವುದೇನಿದೆ ಎಂದು ನರಸಿಂಹೇಗೌಡ ಎಂದು ಬರೆದು ಮೊಹರು ಒತ್ತಿದ. ಸೈನ್ಯದಲ್ಲಿ ಕಾಣೆಯಾದವನು ಚಲುವರಾಜು, ಊರಿನಲ್ಲಿ ಹೆಂಡತಿಯಿರುವವನು ನರಸಿಂಹೇಗೌಡ. ಲೆಕ್ಕ ಅಲ್ಲಿಗೇ ನಿಂತಿತು.

ತಿದ್ದಿದ ಕಾಗದ ಕಳಿಸಿದೆವು. ನಂಬಲಿಲ್ಲ. ಇನ್ನೆಲ್ಲೋ ಒಂದು ಕಡೆ ಯಾರದೋ ಸಂಬಳವನ್ನು ಇನ್ಯಾರೋ ಪಡೆದ ಹಗರಣ ನಡೆದಿತ್ತಂತೆ. ಹಾಗಾಗಿ ಸಂಬಳದ ಅಧಿಕಾರಿಯೇ ಬಂದು ನಮ್ಮ ಕಡೆ ಶಿಬಿರ ನಡೆಸುತ್ತಾರೆ, ಅನುಮಾನವಿರುವ ಕಡೆ ಹೆಂಡತಿ ಅವರ ಮುಂದೆ ಕೂತು ಗಂಡನ ಹೆಸರನ್ನು ಸ್ವಂತ ಬಾಯಿಂದ ಹೇಳಬೇಕು, ಪಕ್ಕದವರು ಹೇಳಿಕೊಡಬಾರದು ಎಂದಾಯಿತು. ಈ ನಿಯಮ ಬರೆದವರ ಊರಿನಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುತ್ತಾರೋ ಏನೋ.

ಪಾಂಡವಪುರದ ಪ್ರವಾಸಿ ಮಂದಿರದಲ್ಲಿ ಶಿಬಿರ. ಚಿಕ್ಕತಾಯಮ್ಮ ಬಂದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಗಾಜಿನ ಬಳೆ. ಅಧಿಕಾರಿ ಉತ್ತರದವರು, ಹಿಂದಿಯಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ವಿಧವೆಯ ಬಾಕಿ ಕೇಳಲು ಬಂದವಳ ಕೈಯಲ್ಲಿ ಬಳೆ ಯಾಕೆ ಎಂಬುದೇ ಅವರ ಮೊದಲ ಪ್ರಶ್ನೆ. ಅದನ್ನು ನಾನು ಅವಳಿಗೆ ದಾಟಿಸಲಿಲ್ಲ.

"ನಿಮ್ಮ ಯಜಮಾನ್ರ ಹೆಸರು ಏನಮ್ಮ?"

ಅವಳು ತಲೆ ತಗ್ಗಿಸಿದಳು. "ನಿಮ್ಗೇ ಗೊತ್ತಲ್ಲಣ್ಣ."

"ನನಗೆ ಗೊತ್ತು ತಾಯಿ. ನೀನೇ ಬಾಯಿಬಿಟ್ಟು ಹೇಳಬೇಕಂತೆ."

"ಯೋಳ್ಬಾರ್ದು ಕಣಣ್ಣ. ಯೋಳುದ್ರೆ ಅವ್ರ ಆಯಸ್ಸು ಕಮ್ಮಿಯಾಯ್ತದೆ."

ಆ ಮಾತನ್ನು ಹಿಂದಿಗೆ ಹೇಗೆ ತರಲಿ? ಇದ್ದಂತೆಯೇ ಹೇಳಿದರೆ, ಗಂಡ ಬದುಕಿದ್ದಾನೆಂದು ಹೆಂಡತಿಯೇ ಹೇಳುತ್ತಾಳೆ ಎಂದು ಬರೆದುಕೊಳ್ಳುತ್ತಾರೆ. ಹೇಳದಿದ್ದರೆ, ಇವಳಿಗೆ ಗಂಡನ ಹೆಸರೇ ಗೊತ್ತಿಲ್ಲ ಎಂದಾಗುತ್ತದೆ. ನಮ್ಮ ಕಡೆಯ ಪದ್ಧತಿ ಹೀಗೆ ಎಂದು ಗಂಟಲು ಒಣಗುವವರೆಗೂ ವಿವರಿಸಿದೆ. ಹಾಗಾದರೆ ಬರೆದುಕೊಡಲಿ ಎಂದರು. ಓದು ಬರಹ ಬಲ್ಲವಳೇ. ಪೆನ್ನು ಮುಂದೆ ಹಿಡಿದೆ. ಮುಟ್ಟಲಿಲ್ಲ. "ಬರುದ್ರೂ ಒಂದೇ, ಯೋಳುದ್ರೂ ಒಂದೇ" ಎಂದಳು. ಅಧಿಕಾರಿ ಕಡತ ಮುಚ್ಚಿ ಮುಂದಿನ ಶಿಬಿರಕ್ಕೆ ತರಲು ಹೇಳಿದರು. ಅವರು ಕೆಟ್ಟವರಲ್ಲ. ಹೋಗುವಾಗ, "ನನ್ನ ಹೆಂಡತಿಯೂ ಹಳ್ಳಿಯವಳೇ. ನಿಯಮವನ್ನು ನಾನೇನು ಮಾಡಲಿ?" ಎಂದರು.

ಸಂಬಳ ತಡವಾದರೆ ಆಗಲಿ ಎಂದು ಬಿಡಬಹುದಿತ್ತು. ಆದರೆ ಅಷ್ಟರಲ್ಲಿ ತಾಲ್ಲೂಕು ಕಚೇರಿಯಲ್ಲಿ ಕಾಗದ ಇಣುಕಿ ನೋಡಿದ ಯಾರೋ ಒಬ್ಬ ಆ 'ಗೈರುಹಾಜರು' ಎಂಬ ಪದವನ್ನು ಊರಿಗೆ ಹೊತ್ತೊಯ್ದಿದ್ದ. ಯುದ್ಧದಲ್ಲಿ ಗೈರು ಎಂದರೆ ಜನಕ್ಕೆ ಇನ್ನೇನು ಅರ್ಥ? ನಾನು ಆ ಊರಿಗೆ ಹೋದಾಗ ಅರಳಿಕಟ್ಟೆಯ ಮೇಲೆ ಕೂತಿದ್ದವನೊಬ್ಬ ನನಗೆ ಕೇಳಲೆಂದೇ ಪಕ್ಕದವನಿಗೆ ಹೇಳಿದ: "ಗೈರಂತೆ ಕಣ್ಲಾ. ಗುಂಡಿನ್ ಸದ್ದು ಕೇಳಿ ಓಡೋಗವ್ನೆ. ಎಲ್ಲೋ ಇನ್ನೊಬ್ಳುನ್ ಕಟ್ಕೊಂಡು ಅವ್ನೆ ಬುಡು."

ನನಗೆ ರೇಗಿಹೋಯಿತು. "ನೀನು ನಾಗಮಂಗಲದ ಸಂತೆಗೆ ಹೋಗಿ ಬರಲೂ ಜೊತೆ ಹುಡುಕುವವನು, ಬಾಯಿ ಮುಚ್ಚಿಕೊಂಡಿರು" ಎಂದು ಗದರಿಸಿದೆ. ಅವನ ಬಾಯಿ ಮುಚ್ಚಿತು. ಊರಿನ ಬಾಯಿ ಮುಚ್ಚಲಿಲ್ಲ.

ಚಲುವರಾಜುವಿನ ತಾಯಿ ಬೋರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಸೊಸೆ ಹೆಸರು ಹೇಳಿದರೆ ಲೆಕ್ಕ ಮುಗಿಯುತ್ತದೆ, ಸಂಬಳ ಬರುತ್ತದೆ, ಗೈರು ಎಂಬ ಪದ ಹೋಗಿ ಯುದ್ಧದಲ್ಲಿ ಮಡಿದ ಎಂದು ಬೀಳುತ್ತದೆ ಎಂದೆ.

"ನನ್ ಮಗ ಎಲ್ಲೋ ಸೆರೆ ಸಿಕ್ಕವ್ನೆ" ಎಂದರು ಬೋರಮ್ಮ. "ಇವತ್ತಲ್ಲ ನಾಳೆ ಬುಡ್ತಾರೆ. ಇವ್ಳು ಬಾಯ್ಬುಟ್ರೆ ಅಲ್ಲೇ ಪ್ರಾಣ ಓಯ್ತದೆ. ನಿಮ್ ಸಂಬ್ಳ ಯಾರಿಗ್ ಬೇಕು?"

"ಊರಲ್ಲಿ ಏನಂತಾರೆ ಗೊತ್ತೇನವ್ವ?"

"ನನ್ ಮಗ ಓಡೋಗೋನಲ್ಲ."

"ಓಡಿಹೋಗುವವನಲ್ಲ ಎಂದರೆ, ಅವನು ಅಲ್ಲೇ ಇದ್ದನವ್ವ. ಕೊನೆಯವರೆಗೂ ಅಲ್ಲೇ ಇದ್ದ. ನೋಡಿದವರಿದ್ದಾರೆ."

ಬೋರಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು. ಬಸ್ಸಿನವರೆಗೆ ದಾರಿ ತೋರಿಸುವ ನೆಪದಲ್ಲಿ ಚಿಕ್ಕತಾಯಮ್ಮ ನನ್ನ ಹಿಂದೆ ಬಂದಳು. "ಅಣ್ಣ, ಡೈರಿಗೆ ಹಾಲ್ ಆಕಕ್ಕೆ ಓದ್ರೆ 'ಓಡೋದೋನ್ ಎಂಡ್ರು ಬಂದ್ಲು' ಅಂತಾರೆ. ದುಡ್ಡು ಬರ್ದೇ ಓದ್ರೆ ಓಗ್ಲಿ. ಆ ಮಾತೊಂದ್ನ ಅಳ್ಸಾಕಾಗಕಿಲ್ವ?" ಎಂದಳು. ಎರಡೂ ಒಂದೇ ಹಾಳೆಯ ಮೇಲಿವೆ, ಸಂಬಳ ಪಾವತಿಯಾಗದೆ ಆ ಪದ ಅಳಿಯುವುದಿಲ್ಲ ಎಂದೆ. ಹಾಗೆ ಹೇಳುವಾಗ ನನ್ನ ಮೇಲೆ ನನಗೇ ಬೇಸರವಾಯಿತು. ಗಂಡ ಬದುಕಿದ್ದಾನೆಂಬ ಆಸೆ ಇಟ್ಟುಕೊಂಡರೆ ಅವನು ಓಡಿಹೋದವನು. ಮಾನ ಉಳಿಸಿಕೊಟ್ಟರೆ ಅವನು ಸತ್ತವನು. ಇಪ್ಪತ್ತೈದು ತುಂಬದ ಹೆಣ್ಣಿಗೆ ಇದರಲ್ಲಿ ಒಂದನ್ನು ಆರಿಸಿಕೋ ಎಂದು ಹೇಳಲು ನನಗೆ ಸಂಬಳ ಕೊಡುತ್ತಿದ್ದರು.

ಮುಂದಿನ ಶಿಬಿರವೂ ಅದೇ ಪ್ರವಾಸಿ ಮಂದಿರದಲ್ಲಿ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಅತ್ತೆ ಸೊಸೆ ಇಬ್ಬರೂ ಬಂದರು. ಸೊಸೆಯ ಕೈಯಲ್ಲಿ ಅವೇ ಹಸಿರು ಬಳೆಗಳು. ಬೋರಮ್ಮ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತರು. ಅಧಿಕಾರಿ ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಚಿಕ್ಕತಾಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕೊನೆಗೆ ಮಾತಾಡಿದವರು ಬೋರಮ್ಮ.

"ಯೋಳ್ಬುಡು ಮಗಾ. ಅವ್ನು ಓಡೋಗಿಲ್ಲ ಅಂತ ಬರ್ಕಳ್ಳಿ. ಯೋಳ್ಬುಡು."

ಮಗ ಸತ್ತ ಎಂದು ಆ ತಾಯಿ ಒಪ್ಪಿಕೊಂಡದ್ದು ಆ ಗಳಿಗೆಯಲ್ಲಿ. ನಾನು ಕಣ್ಣಾರೆ ನೋಡಿದೆ.

ಚಿಕ್ಕತಾಯಮ್ಮನ ತುಟಿ ಅಲುಗಿತು. ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಮೇಜಿನಾಚೆಯ ಅಧಿಕಾರಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಲಿ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಇನ್ನೊಮ್ಮೆ ಹೇಳಿದಳು, ಅರ್ಧಕ್ಕೇ ನಿಲ್ಲಿಸಿದಳು. ಅಧಿಕಾರಿ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಸ್ವಲ್ಪ ಜೋರಾಗಿ ತಾಯಿ" ಎಂದೆ. ಅವಳು ತಲೆಯೆತ್ತಿ, ಹೊಲದಾಚೆ ಇರುವವರನ್ನು ಕೂಗುವಂತೆ, "ಚಲುವರಾಜು" ಎಂದು ಕೂಗಿಬಿಟ್ಟಳು. ವರಾಂಡದಲ್ಲಿ ಸರದಿಗೆ ಕಾಯುತ್ತಾ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಅಧಿಕಾರಿ ಬರೆದುಕೊಂಡರು. ಬರೆದಾದ ಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ಹೊರಗೆ ನಲ್ಲಿಯ ಹತ್ತಿರ ಬೋರಮ್ಮ ಸೊಸೆಯ ಬಳೆಗಳನ್ನು ಒಡೆಯಲಿಲ್ಲ. ಕೈಗೆ ನೀರು ಹಾಕಿ ಒಂದೊಂದಾಗಿ ಜಾರಿಸಿ ತೆಗೆದು ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಇಬ್ಬರೂ ಅಳಲಿಲ್ಲ. ನೋಡುತ್ತಾ ನಿಂತಿದ್ದ ನನಗೇ ಅಳು ಬಂತು.

ಲೆಕ್ಕ ಮುಗಿಯಿತು. ಗೈರುಹಾಜರು ಎಂಬ ಪದ ಹೋಯಿತು. ತಿದ್ದಿದ ಹಾಳೆಯ ನಕಲನ್ನು ನಾನೇ ಆ ಊರಿಗೆ ಒಯ್ದು, ಡೈರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಓದಿದೆ. ಯಾರೂ ಕೆಮ್ಮಲೂ ಇಲ್ಲ. ಸಂಬಳವೂ ಬಂತು. ಅದರಿಂದ ಅವಳು ಏನು ಮಾಡಿದಳೋ ನಾನು ಕೇಳಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಶಿಬಿರದ ದಿನದ ಬಸ್ ನಿಲ್ದಾಣ. ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದೆವು. ಬೋರಮ್ಮ ಕಣ್ಣು ಮುಚ್ಚಿ ಕೂತಿದ್ದರು. ಚಿಕ್ಕತಾಯಮ್ಮನ ಬೋಳು ಕೈಗಳನ್ನು ನೋಡಲಾರದೆ ನಾನು ರಸ್ತೆಯ ಕಡೆ ನೋಡುತ್ತಾ, "ಕಷ್ಟ ಕೊಟ್ಟುಬಿಟ್ಟೆ ತಾಯಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ" ಎಂದೆ.

"ನಿಮ್ದೇನೈತಣ್ಣ ತಪ್ಪು" ಎಂದಳು. ಆಮೇಲೆ ಹೇಳಿದಳು: "ಅವ್ರು ಇದ್ದಾಗ ಒಂದ್ಸಲಾನೂ ಎಸ್ರಿಡ್ದು ಕರೀನಿಲ್ಲ. ಇವತ್ತು ಮೂರ್ ಸಲ ಕರ್ದೆ. ತಿರುಗಿ ನೋಡಾಕೆ ಅವ್ರೇ ಇಲ್ಲ."

ಬಸ್ಸು ಬಂತು. ಅತ್ತೆಯನ್ನು ಕೈಹಿಡಿದು ಹತ್ತಿಸಿ, ಅವಳೂ ಹತ್ತಿದಳು.